ಪದರ ಪದರವಾಗಿ ಬೆಳೆದ ಗಿಯರ್

ಮುನವಳ್ಳಿ ಹತ್ತಿರ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಬಿತ್ತುವಾಗ, ಕೂರಿಗಿಯಲ್ಲಿ ಬೀಜ ಬಿಡುವ ಪ್ಲಾಸ್ಟಿಕ್ ಗಿಯರ್ ಮುರಿಯಿತು. ಸಂಜೆಯೊಳಗೆ ಬಿತ್ತದಿದ್ದರೆ ಹೊಲದ ಹದ ಆರಿಹೋಗುತ್ತಿತ್ತು. ಬೈಲಹೊಂಗಲದಲ್ಲಿ ಒಬ್ಬ ಅಕ್ಕಾರು ತ್ರೀ-ಡಿ ಪ್ರಿಂಟರ್ ಇಟ್ಟಾರಂತ ಕೇಳಿ ಓಡಿದೆ.

ಅವರು ಮುರಿದ ಗಿಯರ್ ಅಳೆದು ಕಂಪ್ಯೂಟರಿನಲ್ಲಿ ಅದರ ಚಿತ್ರ ಬರೆದರು. ಆಮೇಲೆ ಮಷೀನಿನ ಬಿಸಿ ಮೂಗು ಪ್ಲಾಸ್ಟಿಕ್ ಎಳೆ ಕರಗಿಸಿ, ಗಾಜಿನ ಮೇಲೆ ಪದರದ ಮೇಲೆ ಪದರ ಹಾಕತೊಡಗಿತು. ಥೇಟ್ ಗೋಡೆ ಕಟ್ಟಿದಂಗ! ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದಂತೆ ಅರ್ಧ ಆದ ಗಿಯರ್ ಗಾಜು ಬಿಟ್ಟು ಜಾರಿತು. ಎಳೆಯೆಲ್ಲ ಶಾವಿಗಿಯಂತೆ ಗಂಟಾಯಿತು.

“ಅಣ್ಣಾರ, ಗಾಜಿಗೆ ಏನರ ಹಚ್ಚೀರೇನ್ರಿ?”

“ಭಸ್ಮರಿ ಅಕ್ಕಾರ. ನೀವು ಕಂಪ್ಯೂಟರ್ ನೋಡೂವಾಗ ಮೂರು ಬೆರಳು ಎಳದೆ. ಕೆಲಸ ಛಲೋ ಆಗ್ಲಿ ಅಂತ.”

“ಪುಡಿ ಇದ್ರ ಮೊದಲನೇ ಪದರಾನ ಹಿಡಿಯೂದಿಲ್ರಿ! ಬುನಾದಿನ ಕೆಡಿಸೀರಿ ನೀವು!”

ಬೈಯುತ್ತಲೇ ಗಾಜು ತೊಳೆದು ಮತ್ತೆ ಶುರು ಮಾಡಿದರು. ಎರಡು ತಾಸಿಗೆ ಗಟ್ಟಿ ಗಿಯರ್ ಕೈಗೆ ಬಂತು. ಜೊತೆಗೆ ಆ ಶಾವಿಗಿ ಗಂಟನ್ನೂ ಕೊಟ್ಟರು: “ತಗೋರಿ, ನಿಮ್ಮ ಪೂಜಿ ಪ್ರಸಾದ.”

ಹೊತ್ತು ಮುಳುಗುವ ಮುಂಚೆ ಹೊಲ ಬಿತ್ತಿ ಮುಗಿಸಿದೆ. ಗಂಟು ಇನ್ನೂ ಟ್ರ್ಯಾಕ್ಟರಿನ ಪಾನಾ, ಇಕ್ಕಳ ಇಡುವ ಡಬ್ಬಿಯಲ್ಲೇ ಐತಿ. ಪ್ರಸಾದ ಒಗೆಯಾಕ ಬರೂದಿಲ್ಲ ನೋಡ್ರಿ.