ನಲವತ್ತೊಂದನೆಯ ಕಾರ್ಡಿನ ಗೀರು

ವಾಂಡಾ ಕಚ್ಮಾರೆಕ್‌ಗೆ ಜಗತ್ತಿನಲ್ಲಿ ಎರಡೇ ವಿಷಯಗಳ ಬಗ್ಗೆ ಅನುಮಾನವಿರಲಿಲ್ಲ. ಯೂಲಿಸೆಸ್ ಮರಾಂತೆ ಬೇಸ್‌ಬಾಲ್ ಚೆಂಡು ಎಸೆಯಲೆಂದೇ ಹುಟ್ಟಿದವನು ಎಂಬುದು ಒಂದು. ಎಮೆರಿ ಟೋತ್‌ನ ಕಣ್ಣು ತಪ್ಪುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಟೊಲಿಡೊ ಊರಿನಲ್ಲಿ ಅವಳೊಬ್ಬಳೇ ನಂಬಿದ್ದಳು, ಎರಡನೆಯದನ್ನು ಆಟಗಾರರ ಚಿತ್ರದ ಕಾರ್ಡ್ ಕೂಡಿಡುವವರೆಲ್ಲರೂ ನಂಬಿದ್ದರು.

ವಾಂಡಾ ಶಾಲೆಯ ಬಸ್ಸು ಓಡಿಸುವವಳು. ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ಮನಸ್ಸು. ಮರಾಂತೆ ಮೀಸೆ ಮೂಡುವ ವಯಸ್ಸಿನಲ್ಲಿ ಊರಿನ ಕಿರಿಯರ ತಂಡಕ್ಕೆ ಬಂದಾಗ ಖಾಲಿ ಬೆಂಚುಗಳ ನಡುವೆ ಕೂತು ಅವನ ಹೆಸರು ಕೂಗಿದವಳು ಅವಳು. ಆಮೇಲೆ ಅವನು ದೊಡ್ಡ ತಂಡಕ್ಕೆ ಹೋದ, ಒಂದು ಗೆದ್ದರೆ ಎರಡು ಸೋತ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ವಾಂಡಾಗೆ ಹೆರದೆಯೇ ಮುದ್ದು. ಕಾರ್ಡ್ ಕಂಪನಿಯವರು ಆಟಗಾರನ ಒಂದೇ ಚಿತ್ರವನ್ನು ನೀಲಿ, ಹಸಿರು, ಬಂಗಾರ ಅಂತ ಹತ್ತಾರು ಬಣ್ಣದ ಅಂಚುಗಳಲ್ಲಿ ಅಚ್ಚು ಹಾಕಿ ಮಾರುತ್ತಾರೆ. ಮರಾಂತೆಯ ಅಷ್ಟೂ ಬಣ್ಣಗಳನ್ನು ಅಡುಗೆಮನೆಯ ಗೋಡೆಯ ಮೇಲೆ, ಮೇರಿ ಮಾತೆಯ ಪಟದ ಪಕ್ಕದಲ್ಲೇ ತೂಗುಹಾಕಬೇಕೆಂದು ಅವಳ ಆಸೆ.

ಗಂಡ ತೀರಿಕೊಂಡ ವರ್ಷ, ಶನಿವಾರ ಎಲ್ಲಿಗೆ ಹೋಗುವುದೆಂದು ತಿಳಿಯದೆ ಲಗ್ರಾಂಜ್ ಬೀದಿಯ ಎಮೆರಿಯ ಕಾರ್ಡ್ ಅಂಗಡಿಗೆ ನುಗ್ಗಿದ್ದಳು. ಎಮೆರಿ ಏನೂ ಕೇಳದೆ ಒಂದು ಕುರ್ಚಿ ಎಳೆದುಹಾಕಿ, ಕಾರ್ಡಿನ ಮೂಲೆ ನೋಡುವುದು ಹೇಗೆಂದು ಕಲಿಸಿದ್ದ. ಅವತ್ತಿನಿಂದ ಆ ಕುರ್ಚಿ ಅವಳದು.

ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಎಮೆರಿಗೆ ತೋರಿಸದೆ ಯಾರೂ ಕಾರ್ಡನ್ನು ಗ್ರೇಡಿಗೆ ಕಳಿಸುತ್ತಿರಲಿಲ್ಲ. ಗ್ರೇಡ್ ಹಾಕುವವರು ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ಮೊಹರು ಮಾಡಿ ಕಳಿಸುತ್ತಾರೆ. ತಾತನ ಕಾಲದ ಕಾರ್ಡು ಹರಿದಿದ್ದರೂ ಜನ ಕಣ್ಣಿಗೊತ್ತಿಕೊಳ್ಳುತ್ತಾರೆ. ನಿನ್ನೆ ಮೊನ್ನೆಯ ಕಾರ್ಡಿಗೆ ಆ ಕರುಣೆಯಿಲ್ಲ. ಹತ್ತು ಬಂದರೆ ರಾಜ, ಏಳು ಬಂದರೆ ಅದು ಹಣೆಬರಹದ ಹಾಗೆ ಡಬ್ಬಿಯ ಮೇಲೆ ಕೂತುಬಿಡುತ್ತದೆ. ಅದಕ್ಕಿಂತ ಡಬ್ಬಿಯಿಲ್ಲದ ಹಸಿ ಕಾರ್ಡೇ ವಾಸಿ.

ಒಳಗೆ ಯಾರ ಕಾರ್ಡಿದೆಯೆಂದು ಒಡೆಯುವವರೆಗೂ ತಿಳಿಯದ ಪ್ಯಾಕುಗಳನ್ನು ಅಂಗಡಿಯಲ್ಲಿ ಮಾರುತ್ತಿದ್ದರು. ಒಂದು ಶನಿವಾರ ವಾಂಡಾ ಒಡೆದ ಪ್ಯಾಕಿನಿಂದ ಕಿತ್ತಳೆ ಅಂಚಿನ ಮರಾಂತೆ ಜಾರಿ ಬಂದ, ಮೇಲೆ ಅವನ ಸಹಿ. ಆ ಬಣ್ಣದಲ್ಲಿ ಅಚ್ಚಾದದ್ದು ಐವತ್ತೇ ಕಾರ್ಡು, ಒಂದೊಂದಕ್ಕೂ ಒಂದೊಂದು ಸಂಖ್ಯೆ. ಇದು ನಲವತ್ತೊಂದನೆಯದು.

"ಅಯ್ಯಯ್ಯೋ, ಅವನ ಅಂಗಿ ನಂಬರೇ ಕಣೋ ಇದು!" ಎಂದು ವಾಂಡಾ ಕಿರುಚಿದಳು. ಅಂಗಡಿಗೆ ಅಂಗಡಿಯೇ ಚಪ್ಪಾಳೆ ತಟ್ಟಿತು. ಅಂಗಿಯ ನಂಬರಿಗೆ ಹೊಂದುವ ಕಾರ್ಡು ಸಿಗುವುದೆಂದರೆ ಈ ಜನಕ್ಕೆ ದೇವರು ಕಂಡ ಹಾಗೆ, ಅದರ ಬೆಲೆಯೂ ಉಳಿದವಕ್ಕಿಂತ ಹಲವು ಪಟ್ಟು.

"ಕಿರುಚಬೇಡ ಮಾರಾಯ್ತಿ, ಇದೇನು ನಿನ್ನ ಬಸ್ಸಾ? ಕೊಡಿಲ್ಲಿ" ಎಂದು ಎಮೆರಿ ಕಾರ್ಡನ್ನು ದೀಪದಡಿ ಹಿಡಿದು ಭೂತಗನ್ನಡಿಗೆ ಕಣ್ಣಿಟ್ಟ. ತುಂಬ ಹೊತ್ತು ನೋಡಿದ.

"ಏನೋ, ಕೈ ನಡುಗ್ತಿದೆ? ಬೆಳಿಗ್ಗೆ ಏನಾದ್ರೂ ತಿಂದ್ಯೋ ಇಲ್ವೋ?" ವಾಂಡಾ ಚೀಲದಿಂದ ಗಸಗಸೆ ಹೂರಣದ ಸಿಹಿ ಬ್ರೆಡ್ಡಿನ ಒಂದು ತುಂಡು ತೆಗೆದು ಅವನ ಮುಂದಿಟ್ಟಳು.

ಅವನು ಅದನ್ನು ಮುಟ್ಟಲಿಲ್ಲ. "ಗೀರಿದೆ ವಾಂಡಾ."

"ಎಲ್ಲಿ?"

"ಭುಜದಿಂದ ಕೆಳಗೆ, ಕೂದಲೆಳೆಯಷ್ಟು. ಸ್ವಲ್ಪ ಓರೆ ಮಾಡಿ ನೋಡು. ಕಾಣ್ತಾ?"

ಓರೆ ಮಾಡಿದಳು, ಏನೂ ಕಾಣಲಿಲ್ಲ. ಇನ್ನೊಮ್ಮೆ ಓರೆ ಮಾಡಿದಳು. ಭುಜದಿಂದ ಕೆಳಕ್ಕೆ ಬೆಳಕು ಸಣ್ಣಗೆ ಕತ್ತರಿಸಿದಂತಾಯಿತು.

"ಕಾಣ್ತು" ಅಂದಳು.

"ಕಳಿಸಿದ್ರೆ ಏಳು ಬರುತ್ತೆ. ನಿನ್ನ ಹುಡುಗನ ಹಣೆ ಮೇಲೆ ಏಳು ಅಂತ ಬರೆಸ್ತೀಯಾ?"

ಅವಳ ಮುಖ ಸಣ್ಣದಾಯಿತು. ಮುಂದಿನ ಶನಿವಾರ ಎಮೆರಿ ಇನ್ನೊಂದು ಕಿತ್ತಳೆ ಮರಾಂತೆಯನ್ನು ಅವಳ ಮುಂದಿಟ್ಟ. ಹನ್ನೆರಡನೆಯದು, ಆಗಲೇ ಮೊಹರಾಗಿ ಹತ್ತು ಅಂಕ ಪಡೆದದ್ದು. "ಇದನ್ನ ಗೋಡೆಗೆ ಹಾಕು. ಆ ಗೀರಿಂದು ನನಗಿರ್ಲಿ. ನೋಡ್ದಾಗೆಲ್ಲ ನಿನ್ನ ಕಿರುಚಾಟ ನೆನಪಾಗುತ್ತೆ" ಅಂದ.

ವಾಂಡಾ ಕಣ್ಣು ತುಂಬಿಕೊಂಡು ನಲವತ್ತೊಂದನೆಯದನ್ನು ಅವನ ಕೈಗಿಟ್ಟಳು. ಇಂಥ ಗೆಳೆಯ ಯಾರಿಗುಂಟು ಯಾರಿಗಿಲ್ಲ ಎಂದು ಚರ್ಚಿನಲ್ಲಿ ಸಿಕ್ಕವರಿಗೆಲ್ಲ ಹೇಳಿದಳು. ಕುರಿ ನಂಬುವುದು ಕಟುಕನನ್ನೇ ಅನ್ನುವ ಮಾತಿದೆ. ಆದರೆ ಯಾವ ಕುರಿಯೂ ಕಟುಕನಿಗೆ ಸಿಹಿ ಬ್ರೆಡ್ಡು ಮಾಡಿಕೊಂಡು ಹೋದದ್ದಿಲ್ಲ. ಈ ಹೆಂಗಸು ಮಾಡಿಕೊಂಡು ಹೋದಳು, ಅದೂ ಬೆಣ್ಣೆ ಜಾಸ್ತಿ ಹಾಕಿ.

ವಸಂತದಲ್ಲಿ ಡೆಟ್ರಾಯ್ಟ್‌ನ ಕಾರ್ಡ್ ಸಂತೆಗೆ ಹೋದಾಗ, ಒಂದು ಮೇಜಿನ ಮೇಲೆ ಕಿತ್ತಳೆ ಅಂಚು ಹೊಳೆಯಿತು. ನಲವತ್ತೊಂದು. ಡಬ್ಬಿಯ ನೆತ್ತಿಯ ಮೇಲೆ ಹತ್ತು.

ಮೇಜಿನ ಯಜಮಾನ ಹುರುಪಿನಿಂದ ಎದ್ದ. "ನೋಡಿ ಮೇಡಂ, ಟೊಲಿಡೊ ಅಂಗಡಿಯವರೊಬ್ರು ಮಾರಿದ್ದು. ತಾವೇ ಪ್ಯಾಕ್ ಒಡೆದ್ರಂತೆ. ದೀಪದ ಕೆಳಗೆ ಹಿಡಿದ ತಕ್ಷಣ ಹತ್ತು ಅಂತ ಗೊತ್ತಾಗಿ ಕೈಯೇ ನಡುಗಿಬಿಡ್ತಂತೆ!"

ವಾಂಡಾ ಅದನ್ನು ಎತ್ತಿ ಓರೆ ಮಾಡಿದಳು. ಆ ಕಡೆಗೆ, ಈ ಕಡೆಗೆ, ಮತ್ತೆ ಆ ಕಡೆಗೆ. ಮರಾಂತೆಯ ಭುಜ ಕನ್ನಡಿಯಂತಿತ್ತು.

ಊರಿಗೆ ಮರಳುವ ದಾರಿಯುದ್ದಕ್ಕೂ ಅವಳು ಎಮೆರಿಯ ಪರವಾಗಿ ತಾನೇ ವಕಾಲತ್ತು ಮಾಡಿದಳು. ಅವತ್ತು ಕಂಡದ್ದು ಬೆರಳಿನ ಜಿಡ್ಡಿರಬಹುದು. ಆಮೇಲೆ ಒರೆಸಿದಾಗ ಹೋಗಿರಬಹುದು. ನನಗೆ ಹೇಳಲು ಮರೆತಿರಬಹುದು. ಎಲ್ಲಕ್ಕೂ ಒಂದೊಂದು ಜವಾಬು ಸಿಕ್ಕಿತು. ಆ ನಡುಗಿದ ಕೈಗೆ ಮಾತ್ರ ಸಿಗಲಿಲ್ಲ.

ಶನಿವಾರ ಅಂಗಡಿಗೆ ಹೋದವಳು ಕುರ್ಚಿಯಲ್ಲಿ ಕೂರಲಿಲ್ಲ. ಎಮೆರಿಯ ಮೇಜಿನ ಮುಂದೆ ಕಾರ್ಡು ತೋರಿಸಲು ಬಂದ ಪ್ಲಂಬರ್ ಒಬ್ಬ ನಿಂತಿದ್ದ. ಅವನೆದುರಿಗೇ ಎಮೆರಿಗೆ ಹೇಳಿದಳು.

"ನಲವತ್ತೊಂದನ್ನ ನೋಡ್ದೆ ಕಣೋ. ಹತ್ತು ಹಾಕಿದಾರೆ."

ಎಮೆರಿ ತಲೆಯೆತ್ತಲಿಲ್ಲ. "ಗ್ರೇಡ್ ಹಾಕೋರ ಮಾತು ಬಿಡು. ಒಂದಿನ ಏಳು ಅಂತಾರೆ, ಇನ್ನೊಂದಿನ ಹತ್ತು."

"ನಿನ್ನ ಕೈ ಯಾಕೋ ನಡುಗಿತು?"

ಅವನು ಭೂತಗನ್ನಡಿಯನ್ನು ಕೆಳಗಿಟ್ಟ. "ನಿನ್ನ ಹತ್ರ ಇದ್ದಿದ್ರೆ ಅಡುಗೆಮನೆ ಗೋಡೆ ಮೇಲೆ ಎಣ್ಣೆ ಹೊಗೆ ಕುಡ್ಕೊಂಡು ಬಿದ್ದಿರ್ತಿತ್ತು. ಅಲ್ದೆ ಗೀರನ್ನ ನೀನೂ ನೋಡ್ದೆ ವಾಂಡಾ. ಕಾಣ್ತು ಅಂತ ನಿನ್ನ ಬಾಯಲ್ಲೇ ಅಂದೆ. ನಾನೇನು ನಿನ್ನ ಕಣ್ಣು ಕಟ್ಟಿದ್ನಾ?"

ಕಾರ್ಡು ಹೋದದ್ದನ್ನು ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳು. ಇದು ಗಂಟಲಲ್ಲಿ ಇಳಿಯಲಿಲ್ಲ, ಏಕೆಂದರೆ ಇದು ನಿಜ.

"ಹೌದು ಕಣೋ, ಕಾಣ್ತು" ಅಂದಳು. ಅವಳ ದೊಡ್ಡ ದನಿ ಎಲ್ಲೋ ಅಡಗಿಹೋಗಿತ್ತು. "ನೀನು ಇದೆ ಅಂದೆ, ಅದಕ್ಕೇ ಕಾಣ್ತು. ಕಾರ್ಡಲ್ಲಿ ಮುಖಾನೇ ಇಲ್ಲ ಅಂದಿದ್ರೆ ಅದೂ ಹಾಗೇ ಕಾಣ್ತಿತ್ತು ನಂಗೆ. ಅಷ್ಟು ನಂಬಿದ್ದೆ. ಅದನ್ನ ಮಾರ್ಕೊಂಡ್ಯಲ್ಲೋ ಪಾಪಿ."

ವಾಂಡಾ ಬಾಗಿಲ ಕಡೆ ತಿರುಗಿದಳು. ಅಷ್ಟೂ ಮಾತನ್ನು ಕೇಳಿಸಿಕೊಂಡ ಪ್ಲಂಬರ್ ತನ್ನ ಕಾರ್ಡನ್ನು ಮೆಲ್ಲಗೆ ದೀಪದಡಿ ತಳ್ಳಿದ.

"ಎಮೆರಿ, ಇದನ್ನೊಂಚೂರು ನೋಡ್ತೀಯಾ?"

ಎಮೆರಿ ಭೂತಗನ್ನಡಿ ಎತ್ತಿಕೊಂಡ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟ ವಾಂಡಾ, ಅವನು ಏನು ಹೇಳುತ್ತಾನೋ ಎಂದು ತಾನೂ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು.