ಗದ್ದದ ಎತ್ತರಕ್ಕೆ

ಎಡಭುಜ ಹಿಡಿದುಕೊಂಡ ಆ ವರ್ಷ ನನ್ನ ಜಡೆ ಹೆಣೆಯುತ್ತಿದ್ದವರು ನನ್ನ ಅತ್ತೆ. ಐವತ್ತು ದಾಟಿದ ನಾನು, ಹೊಸನಗರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ದಿನಾ ಬೆಳಿಗ್ಗೆ ಒಂದನೇ ಕ್ಲಾಸಿನ ಹುಡುಗಿಯ ಹಾಗೆ ಗಂಡನ ತಾಯಿಯ ಮುಂದೆ ನೆಲದ ಮೇಲೆ ಕೂರಬೇಕಾಗಿತ್ತು. ಕೈ ಕಿವಿಯ ಮಟ್ಟಕ್ಕೂ ಏರುತ್ತಿರಲಿಲ್ಲ. ನಮ್ಮಿಬ್ಬರಿಗೂ ಮೊದಲಿಂದ ಅಷ್ಟಕ್ಕಷ್ಟೆ. ಜಗಳವಿಲ್ಲ, ಸಲಿಗೆಯೂ ಇಲ್ಲ. ಸಾರಿಗೆ ಉಪ್ಪು ಹಾಕಿದ್ದಾಯಿತೇ ಎಂಬುದರಾಚೆಗೆ ಮಾತು ಹೋದದ್ದು ಕಡಿಮೆ. ಅವರು ಹಣೆಯ ಚರ್ಮ ಹಿಂದಕ್ಕೆ ಎಳೆದು ಹೋಗುವಷ್ಟು ಬಿಗಿಯಾಗಿ ಹೆಣೆಯುತ್ತಿದ್ದರು, ನಾನು ಹಲ್ಲು ಕಚ್ಚಿ ಕೂತಿರುತ್ತಿದ್ದೆ. ಭುಜದ ನೋವನ್ನಾದರೂ ಸಹಿಸಬಹುದಿತ್ತು, ಹೀಗೆ ಕೂರುವುದನ್ನಲ್ಲ. ನನ್ನ ಜಡೆ ನಾನೇ ಹಾಕಿಕೊಳ್ಳಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ಸಾಗರದಲ್ಲಿ ಫಿಸಿಯೋಥೆರಪಿಗೆ ಕಾಯುತ್ತ ಕೂತಿದ್ದಾಗ ಮೊಬೈಲಿನಲ್ಲಿ ಮೊದಲ ಸಲ ಸ್ಪೀಡ್ ಬ್ಯಾಗ್ ನೋಡಿದೆ. ಬಾಕ್ಸಿಂಗಿನವರು ತಲೆಯ ಮೇಲಿನ ಹಲಗೆಯ ಅಡಿಗೆ ತೂಗುಹಾಕಿಕೊಂಡು ಗುದ್ದುವ ತೊಗಲಿನ ಸಣ್ಣ ಚೀಲ. ಗಾಳಿ ತುಂಬಿದರೆ ಗಿಡದಲ್ಲಿ ಜೋತುಬಿದ್ದ ಬದನೆಕಾಯಿಯ ಹಾಗಿರುತ್ತದೆ. ನನ್ನ ವಯಸ್ಸಿನ ಹೆಂಗಸೊಬ್ಬಳು ಅದನ್ನು ಬಡಿಯುತ್ತಿದ್ದಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಸದ್ದು. ಅವಳು ಹೊಡೆಯುವುದು ಒಂದು ಸಲ, ಕೇಳುವುದು ಮೂರು ಸಲ. ಉಳಿದೆರಡು ಎಲ್ಲಿಂದ ಬಂದವು? ಮೇಷ್ಟ್ರ ಬುದ್ಧಿಗೆ ಅಷ್ಟು ಸಾಕಾಯಿತು. ನನ್ನ ಭುಜ ತಿರುಗಿಸುತ್ತಿದ್ದ ಹುಡುಗಿಯನ್ನು ಕೇಳಿದೆ. ಅವಳು ನಕ್ಕು, ನೋವು ಸ್ವಲ್ಪ ಇಳಿದ ಮೇಲೆ ಮಾಡಿ, ಆದರೆ ತಗ್ಗಿನಲ್ಲಿ ಕಟ್ಟಿಸಿ ಎಂದಳು. ಚೀಲದ ಹೊಟ್ಟೆ ಗದ್ದದ ಎತ್ತರಕ್ಕೆ ಬರಬೇಕೆಂಬುದು ಅದರ ಕ್ರಮವಂತೆ. ನನ್ನದು ಎದೆಯ ಮಟ್ಟದಲ್ಲಿ ಶುರುವಾಗಿ, ಕೈ ಏರಿದ ಹಾಗೆ ಏರಬೇಕು.

ಚೀಲ ತರಿಸುತ್ತೇನೆಂದಾಗ, ತೊಗಲಿನ ವಸ್ತು ಮನೆಯೊಳಗೆ ಬೇಡ ಎಂದರು ಅತ್ತೆ. ನನ್ನವರು ತಮ್ಮ ಬೆಲ್ಟು ತೋರಿಸಿ ವಾದ ಮಾಡಿ, ಹಿಂದಿನ ಕೋಣೆಯವರೆಗೆ ಒಪ್ಪಿಗೆ ಗಿಟ್ಟಿಸಿದರು. ಯಾರ ಮುಖ ನೆನೆಸಿಕೊಂಡು ಗುದ್ದುತ್ತೀಯ ಎಂದು ನನ್ನನ್ನು ಛೇಡಿಸುತ್ತಲೇ ಒಂದು ಪ್ಲೈವುಡ್ ತುಂಡು ಬಿಗಿದುಕೊಟ್ಟರು. ಹೊಡೆದೆ. ಪ್ಲೈವುಡ್ ಗಡಗಡ ನಡುಗಿತು, ಚೀಲ ಸೋಮಾರಿಯಂತೆ ಒಮ್ಮೆ ತೂಗಿ ಸುಮ್ಮನಾಯಿತು. ಹೊಡೆತದ ಜೀವವನ್ನೆಲ್ಲ ಹಲಗೆಯೇ ತಿಂದುಹಾಕುತ್ತಿತ್ತು. ಕಡೆಗೆ ತೀರ್ಥಹಳ್ಳಿಯ ಮರದಂಗಡಿಯಿಂದ ದಪ್ಪನೆಯ ಹಲಸಿನ ಹಲಗೆ ಬಂತು. ಅದನ್ನು ಉದ್ದನೆಯ ಬೋಲ್ಟುಗಳಿಂದ ಸ್ಲ್ಯಾಬಿಗೆ ತೂಗಿಸಿದೆವು. ನಟ್ಟು ತಿರುಗಿಸಿದರೆ ಹಲಗೆ ಏರುತ್ತದೆ, ಇಳಿಯುತ್ತದೆ.

ಈಗ ಸದ್ದಿನ ಗುಟ್ಟು ತಿಳಿಯಿತು. ಗುದ್ದಿದ ಚೀಲ ಹಲಗೆಯ ಆಚೆ ಬದಿಗೆ ಬಡಿಯುತ್ತದೆ, ತಿರುಗಿ ಬಂದು ಈಚೆಗೆ ಬಡಿಯುತ್ತದೆ, ಮತ್ತೆ ಆಚೆಗೆ. ಅದು ಮರಳಿ ನಮ್ಮತ್ತ ಬರುವಾಗ ಮುಂದಿನ ಗುದ್ದು. ತಿಳಿದದ್ದೇನೋ ಸರಿ, ಕೈಗೆ ಬರಬೇಕಲ್ಲ. ನಾನು ಸಿಟ್ಟಿನಿಂದ ಬಲವಾಗಿ ಹೊಡೆದಷ್ಟೂ ಅದು ಹುಚ್ಚೆದ್ದು ಅಡ್ಡಾದಿಡ್ಡಿ ಕುಣಿಯಿತು. ಬಾಗಿಲಲ್ಲಿ ಬಸಳೆ ಸೊಪ್ಪು ಬಿಡಿಸುತ್ತ ಕೂತಿದ್ದ ಅತ್ತೆ ತಲೆ ಎತ್ತದೆ ಹೇಳಿದರು:

"ಅದು ನಿಂಗೆ ಎಂತ ಮಾಡಿದ್ದು? ಮೆತ್ತಗೆ ಹೊಡಿ."

ನನಗೆ ಉರಿದುಹೋಯಿತು. ಆದರೂ ಮೆತ್ತಗೆ ಹೊಡೆದು ನೋಡಿದೆ. ತಟ ತಟ ತಟ. ಮೂರೂ ಸದ್ದು, ಸಾಲಾಗಿ. ತಿರುಗಿ ನೋಡಿದರೆ ಅತ್ತೆ ಸೊಪ್ಪು ಎತ್ತಿಕೊಂಡು ಒಳಗೆ ಹೋಗಿಯಾಗಿತ್ತು.

ಘಟ್ಟದಂಚಿನ ಹುಲಿಕಲ್ಲಿನ ಜಡಿಮಳೆ ನಮ್ಮೂರಿಗೂ ತಿರುಗಿದಾಗ ಚೀಲಕ್ಕೆ ಬಿಳೀ ಬೂಸ್ಟು ಹಿಡಿಯಿತು. ಹಪ್ಪಳ, ಹುಣಸೆಹಣ್ಣು, ಒದ್ದೆ ಬಟ್ಟೆ, ಮಳೆಗಾಲದಲ್ಲಿ ಏನನ್ನು ಉಳಿಸಬೇಕಾದರೂ ನಮಗೆ ತಿಳಿದಿರುವುದು ಒಂದೇ ದಾರಿ: ಒಲೆಯ ಮೇಲೆ ಕಟ್ಟುವುದು. ನಾನೂ ಬಚ್ಚಲೊಲೆಯ ಮೇಲಿನ ತಂತಿಗೆ ಚೀಲ ಕಟ್ಟಿದೆ. ವಾರದಲ್ಲಿ ತೊಗಲು ಒಣಕೊಬ್ಬರಿಯಾಯಿತು. ಒಳಗಿನ ರಬ್ಬರ್ ಬ್ಲಾಡರ್ ಕಾವಿಗೆ ಅಂಟಂಟಾಗಿ ಗಾಳಿ ಹಿಡಿದಿಟ್ಟುಕೊಳ್ಳುವುದನ್ನೇ ಬಿಟ್ಟಿತು. ಅಳು ಬಂತು. ಕೈ ಅಷ್ಟರಲ್ಲಿ ಕಿವಿಯ ತನಕ ಏರಿತ್ತು. ಇನ್ನೊಂದಿಷ್ಟು ಏರಿದ್ದರೆ ಹೆರಳು ಕೈಗೆ ಸಿಗುತ್ತಿತ್ತು.

ಹೊಸ ಬ್ಲಾಡರ್ ತರಿಸಿಕೊಂಡೆ. ಪಂಪಿನ ಸೂಜಿಯನ್ನು ಒದ್ದೆ ಮಾಡಿ ಚುಚ್ಚಬೇಕು, ಗಾಳಿಯನ್ನು ಕಲ್ಲಿನ ಹಾಗೆ ಆಗುವಷ್ಟು ತುಂಬಬಾರದು ಎಂದೆಲ್ಲ ಓದಿಕೊಂಡೆ. ಆದರೆ ಬಿರುಸಾದ ತೊಗಲಿಗೆ ಏನು ಮಾಡುವುದೆಂದು ತಿಳಿಯದೆ ಅದನ್ನು ಕಿಟಕಿಯಲ್ಲಿಟ್ಟಿದ್ದೆ. ಸಂಜೆ ಶಾಲೆಯಿಂದ ಬಂದು ನೋಡುತ್ತೇನೆ, ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ಹತ್ತಿಬಟ್ಟೆಯಲ್ಲಿ ತೆಳ್ಳಗೆ ಕೊಬ್ಬರಿ ಎಣ್ಣೆ ಒರೆಸುತ್ತಿದ್ದಾರೆ. ನನ್ನ ತಲೆಗೆ ಹಚ್ಚುವ ಅದೇ ಗಿಂಡಿಯ ಎಣ್ಣೆ. ಒಳಗೆ ಬೇಡ ಎಂದವರು ಇವರೇನಾ? ಆಮೇಲೆ ಮಳೆಗಾಲವಿಡೀ ಚೀಲವನ್ನು ಬಿಚ್ಚಿ ಒರೆಸಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕಪಾಟಿನಲ್ಲಿಡುವ ಕೆಲಸ ಅವರದೇ ಆಯಿತು. ನಾನು ಹೊಡೆಯುವಾಗ ಬಾಗಿಲಲ್ಲಿ ಬಂದು ಕೂರುತ್ತಿದ್ದರು. ಸದ್ದು ತಪ್ಪಿದರೆ ಕೆಮ್ಮುತ್ತಿದ್ದರು.

ನಟ್ಟು ಸ್ವಲ್ಪ ಸ್ವಲ್ಪವೇ ತಿರುಗುತ್ತ ಹಲಗೆ ಏರಿತು. ಚಳಿ ಬೀಳುವ ಹೊತ್ತಿಗೆ ಚೀಲದ ಹೊಟ್ಟೆ ನನ್ನ ಗದ್ದದ ಎತ್ತರದಲ್ಲಿತ್ತು. ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ದು, ನಾನೇ ಜಡೆ ಹೆಣೆದುಕೊಂಡೆ. ತುದಿಯವರೆಗೆ ಹೆಣೆದೆ. ಎಷ್ಟು ಸಂತೋಷವಾಯಿತೆಂದರೆ ಹಾಡಿಕೊಂಡು ಹೊರಗೆ ಬಂದೆ.

ಜಗಲಿಯಲ್ಲಿ ಅತ್ತೆ ಮಣೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಎಣ್ಣೆಯ ಗಿಂಡಿ, ಕೈಯಲ್ಲಿ ಬಾಚಣಿಗೆ. ನನ್ನನ್ನು ನೋಡಿದರು. ಬಾಚಣಿಗೆಯ ಹಲ್ಲುಗಳ ಮೇಲೆ ಬೆರಳಾಡಿಸಿದರು.

"ತಿರುಗು, ನೋಡ್ವ" ಎಂದರು. ತಿರುಗಿದೆ. ಜಡೆಯನ್ನು ಮೆಲ್ಲಗೆ ಎಳೆದು ನೋಡಿದರು.

"ಸಡ್ಲ ಆಜು. ಬಾ, ಕೂತ್ಕ."

ಸಡಿಲವೇನೂ ಆಗಿರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೋಗಿ ಅವರ ಮುಂದೆ ನೆಲದ ಮೇಲೆ ಕೂತೆ. ಅವರು ನಾನು ಹೆಣೆದದ್ದನ್ನೆಲ್ಲ ಬಿಚ್ಚಿ ಮತ್ತೆ ಮೊದಲಿಂದ ಶುರು ಮಾಡಿದರು. ಅವತ್ತು ಅವರ ಕೈ ಮೆತ್ತಗಿತ್ತು.