ಪೇತ್ರನ ಕುರ್ಚಿ

ಇನ್ನಾಸಪ್ಪನವರ ಮೀಸೆಯ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಹಾಸನ–ಅರಕಲಗೂಡು ರೂಟಿನಲ್ಲಿ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ರಿಟೈರಾಗಿ ಖಾಕಿ ಕಳಚಿಟ್ಟರೂ ಮೀಸೆಗೆ ಕತ್ತರಿ ಹಾಕಲಿಲ್ಲ. ಭಾನುವಾರ ಪೂಜೆ ಮುಗಿಸಿ ಚರ್ಚಿನ ಕಾಂಪೌಂಡಿನಲ್ಲಿ ಗಂಡಸರು ಗುಂಪುಗೂಡಿದರೆ ಅವರದೊಂದು ಮಾತು ಕಾಯಂ: "ನಮ್ಮನೇಲಿ ಒಲೆ ಯಾವ್ ಮೂಲೇಲೈತೆ ಅಂತ್ಲೂ ನಂಗೊತ್ತಿಲ್ಲ ಕಣ್ಲಾ." ಅದೇ ಡಿಪೋದಲ್ಲಿ ಮೆಕ್ಯಾನಿಕ್ಕಾಗಿದ್ದ ಗೆಳೆಯ ಚೌರಪ್ಪ ಪ್ರತಿಸಲವೂ ಹೊಸದಾಗಿ ಕೇಳಿದವನಂತೆ ತಲೆದೂಗುತ್ತಿದ್ದ.

ಮಾತು ಹಸಿ ಸುಳ್ಳು. ಹೆಂಡತಿ ಆರೋಗ್ಯಮ್ಮನಿಗೆ ಬಲಮಂಡಿಯ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಅಂದಿನಿಂದ ಆ ಮನೆಯಲ್ಲಿ ಅಕ್ಕಿ ತೊಳೆದದ್ದು, ಮುದ್ದೆ ತೊಳಸಿದ್ದು, ಸಾರಿಗೆ ಒಗ್ಗರಣೆ ಕೊಟ್ಟದ್ದು ಎಲ್ಲ ಈ ಮೀಸೆಯವರೇ. ಬೆಳಿಗ್ಗೆ ಬಿಸಿನೀರಿನಲ್ಲಿ ಅವಳ ಕಾಲು ತೊಳೆದು ಡಾಕ್ಟರು ಬರೆದುಕೊಟ್ಟ ಬಿಗಿ ಕಾಲುಚೀಲ ಏರಿಸುವರು, ಸಂಜೆ ಬಿಚ್ಚುವರು. ಎಲ್ಲವೂ ಬಾಗಿಲು ಹಾಕಿ, ಕಿಟಕಿಯ ಪರದೆ ಎಳೆದುಕೊಂಡು. ಹಾಲಿನವಳು ಕೂಗಿದರೆ ಸೌಟು ಬಿಸಾಕಿ ಪೇಪರು ಹಿಡಿದು ಕೂರುವರು. ಪೇಪರಿನ ತುಂಬ ಅರಿಶಿನದ ಬೆರಳಚ್ಚು.

ಆ ಚರ್ಚಿನಲ್ಲಿ ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಫಾದರ್ ಹನ್ನೆರಡು ಗಂಡಸರ ಕಾಲು ತೊಳೆಯುತ್ತಾರೆ, ಯೇಸು ಶಿಷ್ಯರಿಗೆ ತೊಳೆದ ನೆನಪಿಗೆ. ಮೊದಲ ಕುರ್ಚಿ ಶಿಷ್ಯರಲ್ಲಿ ಹಿರಿಯನಾದ ಪೇತ್ರನದು, ಇಪ್ಪತ್ತೆರಡು ವರ್ಷದಿಂದ ಇನ್ನಾಸಪ್ಪನವರದು. ತೊಳೆಯುವುದು ಬಲಗಾಲು ಮಾತ್ರ. ಆದ್ದರಿಂದ ಮನೆಯಲ್ಲೇ ಬಲಗಾಲನ್ನು ಕಲ್ಲಿನಿಂದ ಉಜ್ಜಿ ಫಳಫಳ ಮಾಡಿಕೊಂಡು ಹೋಗುವರು. ಎಡಗಾಲನ್ನು ದೇವರಿಗೇ ಬಿಟ್ಟಿದ್ದರು.

ಈ ವರ್ಷ ಹೊಸ ಫಾದರ್ ಅರುಣ್‌ಕುಮಾರ್ ಪಟ್ಟಿ ಓದಿದರು. ಆರು ಗಂಡಸರು, ಆರು ಹೆಂಗಸರು. ಹೆಂಗಸರ ಕಾಲೂ ತೊಳೆಯಬಹುದೆಂದು ರೋಮಿನಿಂದ ಅನುಮತಿ ಸಿಕ್ಕು ವರ್ಷಗಳೇ ಆಗಿದ್ದವು, ನಮ್ಮ ಕಡೆಗೆ ಬಸ್ಸು ತಡ. ಮೊದಲ ಕುರ್ಚಿಗೆ ಹೆಸರು ಬಂದದ್ದು ಆರೋಗ್ಯಮ್ಮನದು. ಇನ್ನಾಸಪ್ಪ ಪಟ್ಟಿಯಲ್ಲೇ ಇರಲಿಲ್ಲ.

"ಕಾಲ್ನೋವು, ಆಗಾಕಿಲ್ಲ ಅಂತ ಏಳ್ಬುಡು," ಎಂದರು ಮನೆಗೆ ಬಂದು.

"ಕೂತ್ಕಳಕ್ಕೇನ್ರೀ ನೋವು? ನಾನು ಓಯ್ತೀನಿ," ಎಂದಳು ಆಕೆ.

ಗುರುವಾರ ಸಂಜೆ ಅವರಿಗೆ ಎಂಥ ಮುನಿಸೆಂದರೆ, ಹೆಂಡತಿಯ ಕಾಲುಚೀಲ ಬಿಚ್ಚದೆ ಒಬ್ಬರೇ ಮುಂಚಿತವಾಗಿ ಚರ್ಚಿಗೆ ಹೋಗಿ, ಗಂಡಸರ ಬೆಂಚಿನ ಕೊನೆಯಲ್ಲಿ ಚೌರಪ್ಪನ ಪಕ್ಕ ಕೈಕಟ್ಟಿ ಕೂತುಬಿಟ್ಟರು. ಆರೋಗ್ಯಮ್ಮ ಪಕ್ಕದ ಮನೆಯವರ ಆಟೋದಲ್ಲಿ ಬಂದಳು.

ಫಾದರ್ ಬೋಗುಣಿ ಹಿಡಿದು ಮೊದಲ ಕುರ್ಚಿಯ ಮುಂದೆ ಮಂಡಿಯೂರಿದರು. ಸೀರೆಯ ಅಂಚು ಸರಿದರೆ ಕಾಲುಚೀಲ. ಅವರು ಬೆರಳಿನ ಕಡೆಯಿಂದ ಹಿಡಿದು ಎಳೆದರು. ಆರೋಗ್ಯಮ್ಮನ ಮುಖ ಕಿವುಚಿತು. ಮತ್ತೆ ಎಳೆದರು, ಜಪ್ಪಯ್ಯ ಅಂದರೂ ಬರಲಿಲ್ಲ. ಆಕೆಗೆ ಬಗ್ಗಲಾಗದು, ಗಂಡನ ಕಡೆ ನೋಡಲೂ ಇಲ್ಲ.

ಅವಳು ನೋಡದಿದ್ದದ್ದೇ ಇನ್ನಾಸಪ್ಪನವರಿಗೆ ಚುಚ್ಚಿತು. ಆ ಚೀಲದ ಮರ್ಮ ಇಡೀ ಚರ್ಚಿನಲ್ಲಿ ತಿಳಿದಿದ್ದದ್ದು ಅವರೊಬ್ಬರಿಗೆ. ಈಗ ಎದ್ದರೆ ಇಷ್ಟು ವರ್ಷ ಕಾಂಪೌಂಡಿನಲ್ಲಿ ಕೊಚ್ಚಿಕೊಂಡದ್ದೆಲ್ಲ ನೀರುಪಾಲು. ಫಾದರ್ ಮೂರನೇ ಸಲ ಕೈಹಾಕಿದರು. ಇನ್ನಾಸಪ್ಪ ಎದ್ದೇಬಿಟ್ಟರು.

"ಬುಡಿ ಫಾದರ್. ಅಂಗೆ ಎಳುದ್ರೆ ಹೊಲಿಗೆ ಆಕಿದ್ ಜಾಗ ನೋಯ್ತದೆ," ಎಂದು ಮಂಡಿಯೂರಿ, ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡು, ಚೀಲವನ್ನು ಮೇಲಿನಿಂದ ಒಳಹೊರಗು ಮಾಡಿ ಮಡಚುತ್ತ ಬಂದರು. ಸಲೀಸಾಗಿ ಕಳಚಿತು. ಫಾದರ್ ನೀರಿನ ಜಗ್ಗನ್ನು ಅವರ ಕೈಗೇ ಕೊಟ್ಟರು. ಇನ್ನಾಸಪ್ಪ ನೀರು ಹೊಯ್ದರು.

ಹಾಡುವವರ ಹಾಡು ಆಗಷ್ಟೇ ನಿಂತಿತ್ತು. "ಇದೇನ್ರೀ, ತಣ್ಣೀರು," ಎಂದಳು ಆರೋಗ್ಯಮ್ಮ. "ಮನೇಲಿ ದಿನಾ ಬಿಸ್ನೀರು ಕಾಯ್ಸಿ ತೊಳೀತಿದ್ರಿ."

ಕೊನೇ ಬೆಂಚಿನವರೆಗೂ ಕೇಳಿಸಿತು. ಹೆಂಗಸರ ಕಡೆಯಿಂದ ಮೊದಲು ನಗು ಎದ್ದಿತು, ಆಮೇಲೆ ಎಲ್ಲ ಕಡೆಯಿಂದ. ಇನ್ನಾಸಪ್ಪನವರಿಗೆ ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು, ಆದರೆ ಮೂರು ತಿಂಗಳಿಂದ ಎದೆ ಮೇಲಿದ್ದ ಭಾರ ಇಳಿದು ಹಗುರವೂ ಆಯಿತು. ಟವೆಲಿನಲ್ಲಿ ಬೆರಳ ಸಂದಿಯನ್ನೂ ಬಿಡದೆ ಒರೆಸಿದರು.

ಪೂಜೆ ಮುಗಿದದ್ದೇ ಚೌರಪ್ಪ ಅವರ ತೋಳು ಹಿಡಿದು ಮೆಟ್ಟಿಲ ಪಕ್ಕಕ್ಕೆ ಎಳೆದ. ಇನ್ನು ಮುಂದಿನ ಈಸ್ಟರ್ ತನಕ ಇವನ ಗೇಲಿ ತಪ್ಪಿದ್ದಲ್ಲ ಎಂದುಕೊಂಡರು ಇನ್ನಾಸಪ್ಪ.

"ನಮ್ಮೋಳ್ಗೂ ಅದೇ ಚೀಲ ಕೊಟ್ಟವ್ರೆ ಕಣ," ಎಂದ ಚೌರಪ್ಪ, ದನಿ ತಗ್ಗಿಸಿ. "ನಾಕ್ ತಿಂಗ್ಳಿಂದ ಬೆರಳ್ ಕಡೆಯಿಂದ್ಲೇ ಎಳೀತಾ ಇವ್ನಿ, ದಿನಾ ಬೈಸ್ಕತೀನಿ. ಮೇಲಿಂದ ಮಡಚ್ಬೇಕಾ ಅದು? ಒಸಿ ತೋರ್ಸು."

ಇನ್ನಾಸಪ್ಪ ಮೆಟ್ಟಿಲ ಮೇಲೆ ಕೂತು, ಅವನ ಶರ್ಟಿನ ತೋಳನ್ನೇ ಕಾಲುಚೀಲ ಮಾಡಿಕೊಂಡು ತೋರಿಸತೊಡಗಿದರು. ಇನ್ನೂ ಇಬ್ಬರು ಗಂಡಸರು ಸದ್ದಿಲ್ಲದೆ ಬಂದು ಬಗ್ಗಿ ನೋಡುತ್ತ ನಿಂತರು.